ವಿಡಂಬನೆಯ ಮಣ್ಣು, ಗೌರವದ ಕಂಚು: ಪುಣೆಯ ಕೆಲವು ಶಿಲ್ಪಗಳನ್ನು ಕುರಿತು

1

ಪ್ರತಿಮೆಯನ್ನು ನಿಲ್ಲಿಸುವುದೆಂದರೆ ಗೌರವಿಸುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಪೀಠ, ಹಾರ, ಅನಾವರಣದ ಪರದೆ, ಫಲಕದ ಮೇಲಿನ ಹೆಸರುಗಳು ಎಲ್ಲವೂ ಈ ಒಂದೇ ಅರ್ಥವನ್ನು ಹೇಳುತ್ತವೆ. ವೃತ್ತಪತ್ರಿಕೆಯ ವ್ಯಂಗ್ಯಚಿತ್ರಕಾರನಾದರೋ ಹಗರಣದ ಕಳಂಕ ಹೊತ್ತ ಮುಂದಾಳುಗಳನ್ನು ದಿನವೂ ಬರೆಯುತ್ತಾನೆ. ಓದುಗರು ಅದನ್ನು ಸಹಜವೆಂದೇ ಸ್ವೀಕರಿಸುತ್ತಾರೆ. ಗೆರೆಗೆ ಇರುವ ಈ ಸ್ವಾತಂತ್ರ್ಯ ಶಿಲ್ಪಕ್ಕೆ ಏಕಿಲ್ಲ? ಅಪಕೀರ್ತಿಗೆ ಗುರಿಯಾದ ಅಧಿಕಾರಸ್ಥನನ್ನು ಶಿಲ್ಪದಲ್ಲಿ ವಿಡಂಬಿಸುವ ಪರಂಪರೆ ನಮ್ಮಲ್ಲಿ ಇಲ್ಲವೇ? ಇದ್ದರೆ ಅದು ಯಾವ ರೂಪದಲ್ಲಿದೆ? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪುಣೆ ನಗರದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸಲು ಯತ್ನಿಸಿದ್ದೇವೆ.

ಪುಣೆಯನ್ನು ಆಯ್ದುಕೊಂಡುದಕ್ಕೆ ಎರಡು ಕಾರಣಗಳುಂಟು. ಪ್ರತಿಮೆಗಳ ವಿಷಯದಲ್ಲಿ ಇಷ್ಟು ವಾಗ್ವಾದಗಳನ್ನು ಕಂಡ ನಗರಗಳು ಭಾರತದಲ್ಲಿ ವಿರಳ, ಇದು ಮೊದಲನೆಯದು. ಎರಡನೆಯದು, ಮೈಸೂರಿನಲ್ಲಿ ಹುಟ್ಟಿ ಪುಣೆಯಲ್ಲಿ ತೀರಿಕೊಂಡ ಆರ್. ಕೆ. ಲಕ್ಷ್ಮಣರ ಕಲ್ಪನೆಯ ಒಂದು ಪಾತ್ರ ಈ ನಗರದಲ್ಲಿ ಕಂಚಿನ ಪ್ರತಿಮೆಯಾಗಿ ನಿಂತಿದೆ. ಹೊರನಾಡಿನಲ್ಲಿದ್ದು ಕನ್ನಡ ಸಂಸ್ಕೃತಿಯನ್ನು ಅಭ್ಯಾಸ ಮಾಡುವವರಿಗೆ ಈ ಪ್ರತಿಮೆ ಕೇವಲ ಅಭಿಮಾನದ ವಸ್ತುವಾಗದೆ ವಿಮರ್ಶೆಯ ವಸ್ತುವೂ ಆಗಬೇಕೆಂಬುದು ನಮ್ಮ ಆಶಯ.

2

ಮೊದಲಿಗೆ ಮಧ್ಯಯುಗದ ಕಡೆಗೆ ತಿರುಗಿ ನೋಡುವುದು ಉಚಿತ. ವಿಕೃತವಾದ ವೇಷ, ಆಕಾರ, ಮಾತು, ಚೇಷ್ಟೆಗಳಿಂದ ಹಾಸ್ಯ ಹುಟ್ಟುತ್ತದೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಈ ಲಕ್ಷಣವನ್ನು ನಮ್ಮ ದೇವಾಲಯಗಳ ಶಿಲ್ಪಿಗಳು ಧಾರಾಳವಾಗಿ ಬಳಸಿದ್ದಾರೆ. ಡೊಳ್ಳುಹೊಟ್ಟೆಯ ಗಣಗಳು, ಹಲ್ಲು ಕಿರಿಯುವ ಕುಬ್ಜರು, ಬೇಲೂರಿನಲ್ಲಿ ಸುಂದರಿಯ ಸೆರಗೆಳೆಯುವ ಕೋತಿ ಇವೆಲ್ಲ ಸುಪರಿಚಿತ. ಆದರೆ ಇವು ಯಾವುದೋ ಒಬ್ಬ ವ್ಯಕ್ತಿಯ ಮೇಲಣ ಆಕ್ಷೇಪಗಳಲ್ಲ. ಸಾಮಾನ್ಯ ಮಾನವ ಸ್ವಭಾವದ ಪ್ರತಿರೂಪಗಳು.

ಸಾಹಿತ್ಯದಲ್ಲಿಯೂ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದೆ. ಚಾಳುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದನು. ಸ್ವತಃ ರಾಜಕಾರ್ಯದಲ್ಲಿ ಪಳಗಿದವನೊಬ್ಬನು ಆಸ್ಥಾನದ ಕುತಂತ್ರಗಳನ್ನು ಹೇಳಲು ನರಿಯನ್ನೂ ಸಿಂಹವನ್ನೂ ಆಶ್ರಯಿಸಿದ್ದಾನೆಂಬುದು ಗಮನಾರ್ಹ. ಬಳ್ಳಿಗಾವೆಯ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕಥೆಗಳು ಕಲ್ಲಿನಲ್ಲಿ ಮೂಡಿವೆ. ಕಾವ್ಯವಾಗಲಿ ಶಿಲ್ಪವಾಗಲಿ ಅಧಿಕಾರಸ್ಥನ ದೋಷವನ್ನು ಅನ್ಯೋಕ್ತಿಯ ಮೂಲಕವೇ ಆಡಿದೆ. ಹೆಸರು ಹಿಡಿದು ಆಡಿಲ್ಲ. ಬ್ರಹ್ಮಶಿವನ ಸಮಯಪರೀಕ್ಷೆಯಂತಹ ಕಟುವಾದ ವಿಡಂಬನಕೃತಿಯ ಗುರಿಯೂ ಮತಗಳು, ಆಚರಣೆಗಳು, ಆಳುವ ಪ್ರಭುವಲ್ಲ. ಪ್ರಭುವಿಗೆ ಮೀಸಲಾದದ್ದು ಪ್ರಶಸ್ತಿ.

ಈ ನಿಯಮಕ್ಕೆ ಒಂದು ಮುಖ್ಯವಾದ ಅಪವಾದವಿದೆ. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ಸಂಶೋಧಕರೆಲ್ಲರೂ ಬಲ್ಲರು. ದತ್ತಿಯನ್ನು ಅಪಹರಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಮಾತು ಕನ್ನಡ ಶಾಸನಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಇದೇ ಶಾಪವು ಮಹಾರಾಷ್ಟ್ರದಲ್ಲಿ, ವಿಶೇಷವಾಗಿ ಶಿಲಾಹಾರ ಮತ್ತು ಯಾದವರ ಕಾಲದ ದಾನಶಾಸನಗಳಲ್ಲಿ, ಶಿಲ್ಪರೂಪವನ್ನು ತಾಳಿತು. ಮರಾಠಿಯಲ್ಲಿ ಇದನ್ನು ‘ಗಧೇಗಾಳ’ ಎನ್ನುತ್ತಾರೆ. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯಚಂದ್ರರು, ನಡುವೆ ಬರಹ, ಕೆಳಗೆ ಹೆಂಗಸಿನ ಮೇಲೇರಿದ ಕತ್ತೆ. ದಾನವನ್ನು ಕೆಡಿಸುವವನ ತಾಯಿಗೆ ಈ ಗತಿ ಬರಲಿ ಎಂಬುದು ಅದರ ಅಭಿಪ್ರಾಯ. ದಾನವನ್ನು ಕೆಡಿಸುವ ಶಕ್ತಿಯಿದ್ದವರು ಯಾರು? ಮುಂದೆ ಬರುವ ಅರಸ, ಅಧಿಕಾರಿ, ಊರ ಪ್ರಮುಖ. ಹೀಗಾಗಿ ಗಧೇಗಾಳವನ್ನು ಅಧಿಕಾರದ ದುರುಪಯೋಗಕ್ಕೆ ಕಲ್ಲಿನಲ್ಲಿ ಕೊಟ್ಟ ಮುಂಗಡ ಅವಮಾನವೆಂದು ಕರೆಯಬಹುದಾಗಿದೆ.

ಆದರೆ ಈ ಶಿಲ್ಪದಲ್ಲಿ ಎರಡು ಸಂಗತಿಗಳು ನಮ್ಮನ್ನು ಕಾಡುತ್ತವೆ. ತಪ್ಪಿತಸ್ಥನ ಮುಖ ಇಲ್ಲಿ ಇಲ್ಲವೇ ಇಲ್ಲ. ಇನ್ನೂ ತಪ್ಪನ್ನೇ ಮಾಡದವನಿಗೆ ಮುಖವೆಲ್ಲಿಂದ ಬರಬೇಕು? ಅದಕ್ಕಿಂತ ಮುಖ್ಯವಾದದ್ದು, ಅವನ ಅಪರಾಧಕ್ಕೆ ಅವಮಾನವನ್ನು ಅನುಭವಿಸುತ್ತಿರುವವಳು ಏನನ್ನೂ ಅರಿಯದ ಒಬ್ಬ ಹೆಂಗಸು. ಭೂಮಿಯನ್ನು ಕಬಳಿಸುವವನು ಗಂಡಸು, ಕಲ್ಲಿನಲ್ಲಿ ನರಳುವವಳು ಅವನ ತಾಯಿ. ಇಂದಿಗೂ ಪ್ರತಿಭಟನೆಗಳಲ್ಲಿ ಮಂತ್ರಿಗೆ ಬಳೆಗಳನ್ನು ಕಳಿಸುವವರು, ಪ್ರತಿಕೃತಿಗೆ ಸೀರೆಯುಡಿಸುವವರು ಇದೇ ತರ್ಕವನ್ನು ಮುಂದುವರಿಸುತ್ತಿದ್ದಾರೆ. ವಿಡಂಬನೆ ಯಾರನ್ನು ಗುರಿಮಾಡುತ್ತದೆ ಎಂಬುದರ ಜೊತೆಗೆ ಅದರ ಏಟು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ವಿಮರ್ಶಕನು ಕೇಳಬೇಕಾಗುತ್ತದೆ.

3

ಅಧಿಕಾರಸ್ಥರ ಮುಖವನ್ನೇ ನೇರವಾಗಿ ಶಿಲ್ಪಕ್ಕೆ ತಂದ ನಿದರ್ಶನಕ್ಕಾಗಿ ಫ್ರಾನ್ಸಿನ ಕಡೆಗೆ ನೋಡಬೇಕು. ಒನೋರೆ ದೋಮಿಯೇ ಎಂಬ ಕಲಾವಿದನು ದೊರೆ ಲೂಯಿ ಫಿಲಿಪ್ಪನನ್ನು ತಿನಿಸುಬಾಕ ದೈತ್ಯನಾಗಿ ಚಿತ್ರಿಸಿ 1832ರಲ್ಲಿ ಸೆರೆಮನೆ ಸೇರಿದನು. ಅದೇ ವರ್ಷದಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವನು ಪತ್ರಿಕೆಯ ಒಡೆಯ ಶಾರ್ಲ್ ಫಿಲಿಪೋನನಿಗಾಗಿ ಅಂದಿನ ಸಂಸತ್ ಸದಸ್ಯರೇ ಮೊದಲಾದ ಗಣ್ಯರ ಚಿಕ್ಕ ಎದೆಮಟ್ಟದ ಮೂರ್ತಿಗಳನ್ನು ಮಾಡಿ ಬಣ್ಣ ಹಚ್ಚಿದನು. ಅವುಗಳಲ್ಲಿ ಉಳಿದಿರುವ 36 ಮೂರ್ತಿಗಳು ಪ್ಯಾರಿಸ್ಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿವೆ. ತೂಗುವ ಗಲ್ಲ, ಮುಚ್ಚಿದ ಕಣ್ಣು, ಹಲ್ಲಿಲ್ಲದ ಬಾಯಿಗಳ ಮೂಲಕ ಒಂದು ಆಳುವ ವರ್ಗದ ಸ್ವಭಾವವೇ ಅಲ್ಲಿ ಪ್ರಕಟವಾಗಿದೆ.

ನಮ್ಮ ಚರ್ಚೆಗೆ ಇಲ್ಲಿ ಮುಖ್ಯವಾದದ್ದು ಮಾಧ್ಯಮ. ಈ ಮೂರ್ತಿಗಳು ಸುಡದ ಹಸಿಮಣ್ಣಿನವು. ಅವು ಪೀಠದ ಮೇಲೆ ನಿಲ್ಲಲು ಹುಟ್ಟಿದವಲ್ಲ. ಕಲ್ಲಚ್ಚಿನ ಚಿತ್ರಗಳಿಗೆ ಮಾದರಿಯಾಗಿ ಒದಗಿದವು. ಅವು ಕಂಚಿಗೆ ಏರಿದ್ದು ಇಪ್ಪತ್ತನೆಯ ಶತಮಾನದಲ್ಲಿ, 1879ರಲ್ಲಿ ಕಲಾವಿದನೂ ತೀರಿಕೊಂಡು ಎಷ್ಟೋ ಕಾಲ ಕಳೆದ ಮೇಲೆ. ಅಷ್ಟರಲ್ಲಿ ಆ ಮುಖಗಳ ಹಿಂದಿನ ಹೆಸರುಗಳು ಜನರ ನೆನಪಿನಿಂದ ಅಳಿದಿದ್ದವು. ವ್ಯಕ್ತಿ ಮರೆತುಹೋದ ಮೇಲಷ್ಟೇ ಅವನ ವಿಡಂಬನೆ ಶಾಶ್ವತ ಲೋಹವನ್ನು ಸೇರಿತು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ನಾವು ಪುಣೆಗೆ ಬರಬಹುದು.

4

ಪುಣೆಯ ಭಾವೂಸಾಹೇಬ ರಂಗಾರಿ ಗಣಪತಿಯ ಮೂರ್ತಿ ಸಾಮಾನ್ಯವಾದ ಪ್ರಸನ್ನ ಗಣೇಶನದಲ್ಲ. ರಾಕ್ಷಸನನ್ನು ಸಂಹರಿಸುತ್ತಿರುವ ಗಣೇಶನದು. ಅದರ ಸ್ಥಾಪನೆಯನ್ನು 1892ಕ್ಕೆ ಹೇಳುತ್ತಾರೆ. ಆ ರಾಕ್ಷಸನು ಪರಕೀಯ ಆಳ್ವಿಕೆಯ ಸಂಕೇತವೆಂಬ ವ್ಯಾಖ್ಯಾನ ಪ್ರಚಲಿತವಾಗಿದೆ. ಈ ವ್ಯಾಖ್ಯಾನವನ್ನು ಒಪ್ಪಿದರೆ ಇದು ಪುಣೆಯ ಆಧುನಿಕ ರಾಜಕೀಯ ಶಿಲ್ಪಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ರಾಕ್ಷಸನಿಗೆ ಯಾವ ಗವರ್ನರನ ಮೀಸೆಯೂ ಇಲ್ಲ, ಯಾವ ಕಲೆಕ್ಟರನ ಟೋಪಿಯೂ ಇಲ್ಲ. ಬರಹಕ್ಕಾಗಿ 1897ರಲ್ಲಿ ರಾಜದ್ರೋಹದ ಶಿಕ್ಷೆಗೆ ಗುರಿಯಾದ ಬಾಲಗಂಗಾಧರ ತಿಲಕರ ನಗರ ಇದು. ಹೆಸರಿಲ್ಲದ ರಾಕ್ಷಸನು ಕಾನೂನಿಗೆ ಸಿಗುವುದಿಲ್ಲ. ದುರ್ಗಸಿಂಹನ ನರಿಯೂ ರಂಗಾರಿ ಗಣಪತಿಯ ರಾಕ್ಷಸನೂ ಈ ದೃಷ್ಟಿಯಿಂದ ಒಂದೇ ಕುಲದವರು.

ಇದೇ ಕಾಲದಲ್ಲಿ ಇನ್ನೊಂದು ಬಗೆಯೂ ಕಾಣಿಸಿಕೊಂಡಿತು. ಚಿಂಚವಡದ ದಾಮೋದರ ಚಾಪೇಕರನು 1896ರಲ್ಲಿ ಮುಂಬಯಿಯ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಡಾಂಬರು ಬಳಿದು ಕೊರಳಿಗೆ ಪಾದರಕ್ಷೆಗಳ ಹಾರ ಹಾಕಿದನು. ಮರುವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನ ಕೊಲೆಗಾಗಿ ಸಿಕ್ಕಿಬಿದ್ದವನೂ ಅವನೇ. ಹೊಸ ಶಿಲ್ಪವನ್ನು ಕಡೆಯುವ ಬದಲು ಗೌರವಕ್ಕಾಗಿ ನಿಂತ ಶಿಲ್ಪವನ್ನೇ ಒಂದು ರಾತ್ರಿಯಲ್ಲಿ ವಿಡಂಬನೆಯಾಗಿ ಮಾರ್ಪಡಿಸುವ ಕ್ರಮವಿದು. ಇಲ್ಲಿ ಹೆಸರೂ ಇದೆ, ಮುಖವೂ ಇದೆ. ಆದರೆ ಇದು ಎಲ್ಲಿಗೆ ಮುಗಿಯಬಲ್ಲದೆಂಬುದನ್ನೂ ಚರಿತ್ರೆ ತೋರಿಸಿದೆ. ಮೂರ್ತಿಯ ಮೇಲಣ ಕೈ ಮನುಷ್ಯನ ಮೇಲೆ ಹೋಗಲು ಒಂದು ವರ್ಷವೂ ಹಿಡಿಯಲಿಲ್ಲ.

ಮೂರನೆಯ ಬಗೆ ಗಣೇಶೋತ್ಸವದ ದೇಖಾವೆಗಳದು. ಭಾದ್ರಪದದ ಹತ್ತು ದಿನಗಳಲ್ಲಿ ಪುಣೆಯ ಪೇಠಗಳಲ್ಲಿ ಅಡ್ಡಾಡಿದವರಿಗೆ ಇವುಗಳ ಪರಿಚಯವಿರುತ್ತದೆ. ಪುರಾಣದ ಪ್ರಸಂಗಗಳ ಪಕ್ಕದಲ್ಲಿಯೇ ಬೆಲೆಯೇರಿಕೆ, ಲಂಚ, ನೀರಿನ ಅಭಾವಗಳನ್ನು ಗೊಂಬೆಗಳ ಮೂಲಕ ತೋರಿಸುವ ರೂಢಿ ಇಲ್ಲಿದೆ. ಅಣ್ಣಾ ಹಜಾರೆಯವರ ಚಳವಳಿ ನಡೆದ 2011ರ ಉತ್ಸವದಲ್ಲಿ ಭ್ರಷ್ಟಾಚಾರವೇ ಅನೇಕ ಮಂಟಪಗಳ ವಸ್ತುವಾಗಿತ್ತು. ನಾವು ಕಂಡ ಇಂತಹ ದೇಖಾವೆಗಳಲ್ಲಿ ಪುಢಾರಿಯ ಗೊಂಬೆಗೆ ಬಿಳಿ ಟೋಪಿ, ಉಬ್ಬಿದ ಹೊಟ್ಟೆ, ಕೈಯಲ್ಲಿ ಹಣದ ಚೀಲ ಇರುವುದು ಸಾಮಾನ್ಯ. ಈ ಮೂರು ಗುರುತುಗಳಿಂದ ಅವನ ಜಾತಿ ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಹತ್ತು ದಿನ ಕಳೆದ ಮೇಲೆ ಮಂಟಪವನ್ನು ಬಿಚ್ಚುತ್ತಾರೆ. ವಿಡಂಬನೆಯ ಆಯುಷ್ಯ ಅಲ್ಲಿಗೆ ತೀರುತ್ತದೆ. ಕಲಾದೃಷ್ಟಿಯಿಂದ ಈ ಗೊಂಬೆಗಳು ಸಾಮಾನ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆರೋಪಕ್ಕೆ ಎಷ್ಟು ದಿನದ ಬಾಳ್ವೆ ನ್ಯಾಯವಾದದ್ದು ಎಂಬ ಪ್ರಶ್ನೆಗೆ ಅವುಗಳಲ್ಲಿ ಒಂದು ಉತ್ತರವಿದೆ.

5

ಹೆಸರನ್ನು ಹಿಡಿದ ವಿಡಂಬನೆಗೆ ಪುಣೆಯಲ್ಲಿ ಏನಾಯಿತೆಂಬುದಕ್ಕೆ ಎರಡು ಪ್ರಸಂಗಗಳನ್ನು ಪರಿಶೀಲಿಸಬಹುದು. ಎರಡೂ ರಂಗಭೂಮಿಗೆ ಸಂಬಂಧಿಸಿದವು. ಒಂದರಲ್ಲಿ ಮನುಷ್ಯದೇಹವೇ ಶಿಲ್ಪವಾಯಿತು, ಇನ್ನೊಂದರಲ್ಲಿ ಶಿಲ್ಪಕ್ಕೆ ದಂಡ ಬಿತ್ತು.

ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ ನಾಟಕವನ್ನು ಪ್ರೊಗ್ರೆಸ್ಸಿವ್ ಡ್ರಾಮ್ಯಾಟಿಕ್ ಅಸೋಸಿಯೇಶನ್ ಸಂಸ್ಥೆ 1972ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮೊದಲು ಆಡಿತು. 1791ರಲ್ಲಿ ಜನರ ಕಲ್ಲೇಟಿಗೆ ಬಲಿಯಾದ ಕೊತ್ವಾಲನ ಕಥೆ ಅದು. ಅವನ ಬೆನ್ನ ಹಿಂದೆ ಪೇಶವೆಗಳ ಮಂತ್ರಿ ನಾನಾ ಫಡಣವೀಸನಿದ್ದಾನೆ. ಮೋಹನ ಆಗಾಶೆಯವರು ಅಭಿನಯಿಸಿದ ನಾನಾ ಕಾಮುಕ, ಚತುರ, ನಿರ್ಲಜ್ಜ. ಜಬ್ಬಾರ್ ಪಟೇಲರ ನಿರ್ದೇಶನದಲ್ಲಿ ಸಾಲಾಗಿ ನಿಂತ ಬ್ರಾಹ್ಮಣರು ಒಮ್ಮೆ ಗೋಡೆಯಾಗಿ, ಒಮ್ಮೆ ಪರದೆಯಾಗಿ, ಒಮ್ಮೆ ಗುಂಪಾಗಿ ಬದಲಾಗುತ್ತಿದ್ದರು. ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತ ಆ ಸಾಲನ್ನು ಚಲಿಸುವ ಉಬ್ಬುಶಿಲ್ಪವೆಂದು ಕರೆದರೆ ತಪ್ಪಾಗದು. ಒಬ್ಬ ಮುಂದಾಳಿನ ಹಗರಣವು ಅವನೊಬ್ಬನದೇ ಅಲ್ಲ, ಅದನ್ನು ಮರೆಮಾಡಿ ನಿಂತ ಸಮಾಜದ್ದೂ ಹೌದು ಎಂಬ ಅರ್ಥವನ್ನು ಮಾತಿಲ್ಲದೆಯೇ ಆ ಬೆನ್ನುಗಳು ಸಾರುತ್ತವೆ. ನಾನಾನಿಗೆ ಅಪಚಾರವಾಯಿತೆಂಬ ಆಕ್ಷೇಪದ ನಡುವೆ 19 ಪ್ರಯೋಗಗಳಾದ ಮೇಲೆ ಸಂಸ್ಥೆ ನಾಟಕವನ್ನು ನಿಲ್ಲಿಸಿತು. ಕಲಾವಿದರು 1973ರಲ್ಲಿ ಥಿಯೇಟರ್ ಅಕಾಡೆಮಿಯನ್ನು ಕಟ್ಟಿಕೊಂಡು ಅದನ್ನು ಮತ್ತೆ ರಂಗಕ್ಕೆ ತಂದರು. ಕಂಚಿನಲ್ಲಿದ್ದಿದ್ದರೆ ಒಡೆದುಹೋಗುತ್ತಿದ್ದ ನಾನಾನ ವಿಡಂಬನೆ ನಟರ ದೇಹಗಳಲ್ಲಿದ್ದುದರಿಂದ ಪುನಃ ಎದ್ದು ನಿಂತಿತು.

ಎರಡನೆಯ ಪ್ರಸಂಗ ವಿಷಾದಕರವಾದದ್ದು. ಮರಾಠಿಯ ಪ್ರಸಿದ್ಧ ನಾಟಕಕಾರ ರಾಮ ಗಣೇಶ ಗಡಕರಿ 1919ರಲ್ಲಿ ತೀರಿಕೊಂಡರು. ಅವರು ಅಪೂರ್ಣವಾಗಿ ಬಿಟ್ಟುಹೋದ ‘ರಾಜಸಂನ್ಯಾಸ’ ನಾಟಕದಲ್ಲಿ ಸಂಭಾಜಿ ಮಹಾರಾಜರ ಚಿತ್ರಣ ಅವಹೇಳನಕಾರಿಯಾಗಿದೆಯೆಂಬ ಆಕ್ಷೇಪದಿಂದ, ಪುಣೆಯ ಸಂಭಾಜಿ ಉದ್ಯಾನದಲ್ಲಿದ್ದ ಗಡಕರಿಯವರ ಪ್ರತಿಮೆಯನ್ನು 2017ರ ಜನವರಿ 3ರಂದು ಕಿತ್ತು ಮುಠಾ ನದಿಗೆ ಎಸೆಯಲಾಯಿತು. ನಾಟಕದ ಚಿತ್ರಣ ಐತಿಹಾಸಿಕವಾಗಿ ಸರಿಯೇ ತಪ್ಪೇ ಎಂಬ ಚರ್ಚೆ ನಡೆಯಲಿ. ಅದು ಸಂಶೋಧಕರ ಹೊಣೆ. ಇದೇ ನಗರದಲ್ಲಿ 2010ರ ಡಿಸೆಂಬರಿನಲ್ಲಿ ದಾದೋಜಿ ಕೊಂಡದೇವರ ಮೂರ್ತಿಯನ್ನು ಲಾಲ್ ಮಹಲಿನಿಂದ ತೆಗೆದುದೂ, 2004ರ ಜನವರಿ 5ರಂದು ಭಾಂಡಾರಕರ ಸಂಶೋಧನ ಮಂದಿರದ ಮೇಲೆ ದಾಳಿ ನಡೆದುದೂ ಇಂತಹ ಚರ್ಚೆಯನ್ನು ಬೇರೆ ಬೇರೆ ರೀತಿಯಲ್ಲಿ ಮುಗಿಸಿಬಿಡುವ ಪ್ರಯತ್ನಗಳೇ. ಒಂದು ಮೂರ್ತಿ ನಿಂತರೆ ಗೌರವ, ಉರುಳಿದರೆ ಅವಮಾನ; ಈ ಎರಡರ ನಡುವೆ ನಗುವಿಗೂ ವಿಚಾರಕ್ಕೂ ಜಾಗವೇ ಇಲ್ಲದಂತಾಗಿದೆ. ಹಳೆಯ ಹಸ್ತಪ್ರತಿಗಳನ್ನು ನೋಡಲು ಪುಣೆಗೆ ಹೋಗಿಬರುವ ನಮ್ಮಂಥವರಿಗೆ ಇದು ದೂರದ ಸುದ್ದಿಯಲ್ಲ.

6

ಈ ಹಿನ್ನೆಲೆಯಲ್ಲಿ ಲಕ್ಷ್ಮಣರ ‘ಶ್ರೀಸಾಮಾನ್ಯ’ನ ಪ್ರತಿಮೆಯನ್ನು ನೋಡಬೇಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣರು ಮಹಾರಾಜ ಕಾಲೇಜಿನಲ್ಲಿ ಓದಿದವರು. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೂ ಚಿತ್ರ ಬರೆದವರು. ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಿಂದ ಬಂದ ‘ಯೂ ಸೆಡ್ ಇಟ್’ ಎಂಬ ಪುಟ್ಟ ಚಿತ್ರದಂಕಣ ಅವರನ್ನು ಮನೆಮನೆಗೆ ಮುಟ್ಟಿಸಿತು. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ, ಬೋಳುತಲೆಯ ಅಂಚಿನಲ್ಲಿ ಉಳಿದ ಕೂದಲು ಇಷ್ಟರಲ್ಲಿ ಶ್ರೀಸಾಮಾನ್ಯನು ಪೂರ್ಣನಾದನು. ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ ಅವನ ಕಂಚಿನ ಪ್ರತಿಮೆಯನ್ನು 2001ರಲ್ಲಿ ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅನಾವರಣಗೊಳಿಸಿದರು. ಮುಂದೆ ಮುಂಬಯಿಯ ವರಳಿ ಕಡಲತೀರದಲ್ಲಿಯೂ ಇಂಥದೊಂದು ಪ್ರತಿಮೆ ಬಂದಿತು.

ಮೇಲುನೋಟಕ್ಕೆ ಇದು ಸಂತೋಷದ ಸಂಗತಿ. ಮುಂದಾಳುಗಳ ಪ್ರತಿಮೆಗಳಿಂದ ತುಂಬಿದ ದೇಶದಲ್ಲಿ ಮತದಾರನಿಗೂ ಒಂದು ಪೀಠ ದೊರೆಯಿತು; ಪ್ರಶಸ್ತಿಯ ಪರಂಪರೆ ತಲೆಕೆಳಗಾಯಿತು. ಈ ಅಭಿಪ್ರಾಯವನ್ನು ನಾವೂ ಬಹುಕಾಲ ಹೊಂದಿದ್ದೆವು. ಆದರೆ ಮೂಲ ಚಿತ್ರಗಳನ್ನು ಮತ್ತೆ ನೋಡಿದಾಗ ಒಂದು ಸಂದೇಹ ಹುಟ್ಟುತ್ತದೆ. ಲಕ್ಷ್ಮಣರ ಚಿತ್ರಗಳಲ್ಲಿ ಶ್ರೀಸಾಮಾನ್ಯನು ಎಂದೂ ಒಂಟಿಯಲ್ಲ. ಮಂತ್ರಿ ಭಾಷಣ ಮಾಡುತ್ತಿರುತ್ತಾನೆ, ಅಧಿಕಾರಿ ಕಡತ ಮುಚ್ಚುತ್ತಿರುತ್ತಾನೆ, ಗುತ್ತಿಗೆದಾರ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಇವನು ಅಂಚಿನಲ್ಲಿ ನಿಂತು ನೋಡುತ್ತಿರುತ್ತಾನೆ. ಅವನು ಮಾತನಾಡುವುದಿಲ್ಲ. ಅವನ ಅರ್ಥವೆಲ್ಲವೂ ಅವನ ನೋಟದಲ್ಲಿದೆ; ಆ ನೋಟಕ್ಕೆ ಎದುರಿಗೆ ಒಂದು ಹಗರಣ ಇರಲೇಬೇಕು. ಅವನು ನಾಯಕನಲ್ಲ, ಸಾಕ್ಷಿ.

ಕಂಚಿನಲ್ಲಿ ಏನಾಯಿತು? ಸಾಕ್ಷಿಯನ್ನು ಮಾತ್ರ ಎರಕ ಹೊಯ್ದರು, ಆರೋಪಿಯನ್ನು ಕೈಬಿಟ್ಟರು. ಚಿತ್ರದ ಅಂಚಿನಲ್ಲಿದ್ದವನು ಪೀಠದ ನಡುವಿಗೆ ಬಂದನು, ಅವನ ಕಣ್ಣೆದುರಿಗಿದ್ದುದು ಮಾಯವಾಯಿತು. ಮುಂದಾಳುಗಳೂ ನಿಸ್ಸಂಕೋಚವಾಗಿ ಅವನಿಗೆ ಹಾರ ಹಾಕಬಹುದಾಗಿದೆ. ಚಿತ್ರದಲ್ಲಿ ಇದು ಸಾಧ್ಯವಿರಲಿಲ್ಲ; ಹಾರ ಹಾಕಲು ಬಂದವನೇ ಅಲ್ಲಿ ಚಿತ್ರದ ವಸ್ತುವಾಗುತ್ತಿದ್ದನು. ಶಿಲ್ಪಿಯ ಕೌಶಲದ ಬಗೆಗೆ ನಮ್ಮ ಆಕ್ಷೇಪವಿಲ್ಲ. ಹೋಲಿಕೆ ಚೆನ್ನಾಗಿಯೇ ಇದೆ. ವಿಡಂಬನೆಯ ಒಂದು ತುಂಡನ್ನು ಗೌರವದ ಮಾಧ್ಯಮಕ್ಕೆ ದಾಟಿಸಿದಾಗ ಅದರ ಹರಿತ ಎಲ್ಲಿ ಕಳೆಯುತ್ತದೆಂಬುದೇ ನಮ್ಮ ಪ್ರಶ್ನೆ.

ಹಾಗಾದರೆ ಎದುರಿಗೆ ಕಳಂಕಿತ ಮುಂದಾಳಿನ ಪ್ರತಿಮೆಯನ್ನೂ ನಿಲ್ಲಿಸಬೇಕಿತ್ತೇ? ಇಲ್ಲಿ ನಾವು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು. ಪುಣೆಯನ್ನೇ ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದ ಸುರೇಶ ಕಲ್ಮಾಡಿಯವರು 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹಗರಣದಲ್ಲಿ ದೇಶದ ವ್ಯಂಗ್ಯಚಿತ್ರಕಾರರೆಲ್ಲರಿಗೂ ವಸ್ತುವಾದರು; 2011ರ ಏಪ್ರಿಲಿನಲ್ಲಿ ಬಂಧನಕ್ಕೂ ಒಳಗಾದರು. ಆ ಕೂಟಕ್ಕೆ ಸಂಬಂಧಿಸಿದ ಹಣದ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ತನಿಖಾ ಸಂಸ್ಥೆ ಸಲ್ಲಿಸಿದ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯ 2025ರ ಏಪ್ರಿಲಿನಲ್ಲಿ ಅಂಗೀಕರಿಸಿತು. ಈ ಹದಿನಾಲ್ಕು ವರ್ಷಗಳ ಅಂತರವನ್ನು ಗಮನಿಸಬೇಕು. 2011ರ ಚಿತ್ರಗಳು ಅಂದಿನ ಕಾಗದದ ಜೊತೆಗೆ ಹಳತಾದವು. ಅಂದಿನ ಸಾರ್ವಜನಿಕ ಸಿಟ್ಟಿಗೆ ಅವು ದಾಖಲೆಯಾಗಿ ಉಳಿದಿವೆ, ತೀರ್ಪಾಗಿ ಅಲ್ಲ. ಅದೇ ಸಿಟ್ಟು ಕಂಚಿನಲ್ಲಿ ಎರಕವಾಗಿ ಚೌಕದಲ್ಲಿ ನಿಂತಿದ್ದರೆ ನ್ಯಾಯಾಲಯ ಏನೇ ಹೇಳಲಿ ಅದು ತೀರ್ಪಾಗಿಯೇ ಉಳಿಯುತ್ತಿತ್ತು. ವ್ಯಂಗ್ಯಚಿತ್ರಕಾರನಿಗೆ ಮರುದಿನ ಇನ್ನೊಂದು ಚಿತ್ರ ಬರೆಯುವ ಅವಕಾಶವುಂಟು, ಶಿಲ್ಪಿಗೆ ಅದಿಲ್ಲ.

7

ಇದುವರೆಗಿನ ವಿವೇಚನೆಯಿಂದ ಹೊರಡುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಶಿಲ್ಪದಲ್ಲಿ ರಾಜಕೀಯ ವಿಡಂಬನೆ ನಮ್ಮಲ್ಲಿ ಇಲ್ಲವೆಂಬುದು ಸರಿಯಲ್ಲ. ಕಲ್ಲಿನಂತಹ ಶಾಶ್ವತ ಮಾಧ್ಯಮದಲ್ಲಿ ಅದು ವ್ಯಕ್ತಿಯನ್ನು ಬಿಟ್ಟು ಪ್ರವೃತ್ತಿಯನ್ನು ಹಿಡಿದಿದೆ. ಮಣ್ಣು, ಗೊಂಬೆ, ಹುಲ್ಲಿನ ಪ್ರತಿಕೃತಿ, ನಟನ ದೇಹ ಮೊದಲಾದ ಅಶಾಶ್ವತ ಮಾಧ್ಯಮಗಳಲ್ಲಿ ವ್ಯಕ್ತಿಯನ್ನೇ ಹಿಡಿಯುವ ಧೈರ್ಯ ಮಾಡಿದೆ. ಮಾಧ್ಯಮದ ಆಯುಷ್ಯವೂ ಆರೋಪದ ಆಯುಷ್ಯವೂ ಹೊಂದಿಕೊಂಡಲ್ಲಿ ವಿಡಂಬನೆ ನ್ಯಾಯವಾಗಿರುತ್ತದೆ. ಇದನ್ನು ಕಲಾವಿದನ ಹೇಡಿತನವೆಂದು ಭಾವಿಸಬೇಕಾಗಿಲ್ಲ. ಇದರಲ್ಲಿ ಒಂದು ವಿವೇಕವಿದೆ. ಆದರೆ ಈ ವಿವೇಕವೇ ಅಧಿಕಾರಸ್ಥರಿಗೆ ಅನುಕೂಲವಾಗಿ ಪರಿಣಮಿಸಬಾರದು. ಪ್ರಶಸ್ತಿ ಮಾತ್ರ ಕಂಚಿನಲ್ಲಿ, ಪ್ರಶ್ನೆ ಮಾತ್ರ ಮಣ್ಣಿನಲ್ಲಿ ಎಂದಾದರೆ ಮುಂದಿನವರ ಕೈಗೆ ಸಿಗುವ ಚರಿತ್ರೆ ಕೇವಲ ಪ್ರಶಸ್ತಿಯದಾಗುತ್ತದೆ. ಆದ್ದರಿಂದ ದೇಖಾವೆಗಳು, ಪ್ರತಿಕೃತಿಗಳು, ಗೊಂಬೆಗಳು ಬಿಚ್ಚಿಹೋಗುವ ಮೊದಲೇ ಅವುಗಳನ್ನು ಚಿತ್ರ ತೆಗೆದು, ಅಳತೆ ಬರೆದು, ಮಾಡಿದವರನ್ನು ಕೇಳಿ ದಾಖಲಿಸುವುದು ನಮ್ಮ ಪೀಠಗಳು ಕೈಗೊಳ್ಳಬೇಕಾದ ಕೆಲಸ. ಗಡಿಜಿಲ್ಲೆಗಳಲ್ಲಿಯೂ ಪುಣೆ, ಸೊಲ್ಲಾಪುರಗಳಲ್ಲಿಯೂ ಇರುವ ಕನ್ನಡ ಬಲ್ಲ ಸಂಶೋಧಕರು ಇದಕ್ಕೆ ಹೆಚ್ಚು ಅರ್ಹರು. ಎರಡು ಭಾಷೆಗಳ ಬೈಗುಳವೂ ಅವರಿಗೆ ಅರ್ಥವಾಗುತ್ತದೆ.

ಶ್ರೀಸಾಮಾನ್ಯನ ಪ್ರತಿಮೆಯನ್ನು ಕುರಿತು ಕೊನೆಯದಾಗಿ ಒಂದು ಮಾತು. 2015ರ ಜನವರಿ 26ರಂದು ಲಕ್ಷ್ಮಣರು ಪುಣೆಯಲ್ಲಿ ನಿಧನರಾದರು. ಮರುದಿನ ಸಾರ್ವಜನಿಕರ ದರ್ಶನಕ್ಕಾಗಿ ಅವರ ಪಾರ್ಥಿವ ಶರೀರವನ್ನು ಸಿಂಬಯಾಸಿಸ್ ಆವರಣದಲ್ಲಿ ಆ ಪ್ರತಿಮೆಯ ಬಳಿಯಲ್ಲಿಯೇ ಇರಿಸಿದ್ದರು. ಅಂತಿಮ ನಮನ ಸಲ್ಲಿಸಲು ಜನರ ಜೊತೆಗೆ ಮುಂದಾಳುಗಳೂ ಬಂದರು. ಪ್ರತಿಮೆಯ ಬಗೆಗೆ ನಾವು ಮೇಲೆ ಎತ್ತಿದ ಆಕ್ಷೇಪ ಆ ಒಂದು ದಿನಕ್ಕೆ ಅನ್ವಯಿಸುವುದಿಲ್ಲವೆಂದು ಒಪ್ಪಬೇಕು. ಅಂದು ಅವನ ಎದುರಿಗೆ ಮಂತ್ರಿಗಳಿದ್ದರು, ಅಧಿಕಾರಿಗಳಿದ್ದರು. ಅವನು ಎಂದಿನಂತೆ ಏನೂ ಹೇಳದೆ ನೋಡುತ್ತಿದ್ದನು.